ಮನೆ ಕಟ್ಟಿ ನೋಡು, ಹಳೇ ಕಾರಿಗೆ ಎಂಜಿನ್ ಕೂರಿಸಿ ನೋಡು!

ಎಂಟು ದಿನದ ಕೆಲಸ ಹನ್ನೊಂದು ತಿಂಗಳಾದ ಮಂಡಿಪೇಟೆ ಶೆಟ್ಟರ ಅಂಬಾಸಿಡರ್ ಪುರಾಣ

ತುಮಕೂರು: ಕೌಪೀನ ಕಾಯಲು ಹೋಗಿ ಸಂಸಾರ ಕಟ್ಟಿಕೊಂಡ ಸನ್ಯಾಸಿಯ ಕಥೆ ನಮ್ಮಲ್ಲಿ ಕೇಳದವರಿಲ್ಲ. ಕೌಪೀನ ಕಡಿಯುವ ಇಲಿಗೆಂದು ಬೆಕ್ಕು, ಬೆಕ್ಕಿನ ಹಾಲಿಗೆಂದು ಹಸು, ಹಸುವಿನ ಮೇವಿಗೆಂದು ಹೊಲ, ಹೊಲ ನೋಡಿಕೊಳ್ಳಲೆಂದು ಹೆಂಡತಿ. ಪಾಪ, ಆ ಸನ್ಯಾಸಿಯ ಹತ್ತಿರ ಕಾರಿರಲಿಲ್ಲ. ಇದ್ದಿದ್ದರೆ ಕಥೆ ಇನ್ನೂ ನಾಲ್ಕು ಪುಟ ಉದ್ದವಾಗುತ್ತಿತ್ತು ಎಂಬುದಕ್ಕೆ ನಮ್ಮ ಮಂಡಿಪೇಟೆಯ ದಿನಸಿ ವ್ಯಾಪಾರಿ ಶೆಟ್ಟರೊಬ್ಬರು ಸಾಕ್ಷಿ.

ಶೆಟ್ಟರು ಹೊರಟದ್ದು ಒಂದೇ ಕೆಲಸಕ್ಕೆ. ತೀರಿಕೊಂಡ ತಂದೆ ಬಿಟ್ಟುಹೋದ ಅಂಬಾಸಿಡರ್ ಕಾರಿನ ಹಳೇ ಎಂಜಿನ್ ತೆಗೆಸಿ ಬೇರೆ ಎಂಜಿನ್ ಹಾಕಿಸುವುದು. ಮೇಸ್ತ್ರಿ ಹೇಳಿದ್ದು ಎಂಟು ದಿನ. ಕಾರು ಷೆಡ್ಡಿಗೆ ಹೋದದ್ದು 2023ರ ದೀಪಾವಳಿ ಮುಗಿದ ವಾರ. ಮನೆ ಮುಂದೆ ಬಂದು ನಿಂತದ್ದು 2024ರ ಆಯುಧಪೂಜೆಯ ಹಿಂದಿನ ದಿನ. ಬಂದಾಗ ಅದರಲ್ಲಿ ಹೊಸ ವೈರಿಂಗ್ ಇತ್ತು, ಹೊಸ ಬ್ರೇಕಿತ್ತು, ಹೊಸ ತಳದ ತಗಡಿತ್ತು, ರೇಡಿಯೇಟರಿಗೆ ಹೊಸ ಜಾಲರಿ ಇತ್ತು, ಟೈರು ಕೂಡ ಹೊಸದೇ. ಬದಲಾಗದೆ ಉಳಿದದ್ದು ಒಂದೇ ಒಂದು. ಅದೇ ಎಂಜಿನ್!

ನಗುವ ವಿಷಯ ನಿಜ. ಆದರೆ ನಗುವುದಕ್ಕೆ ಮುಂಚೆ ಸ್ವಲ್ಪ ತಾಳಿ. ಅಪ್ಪನ ಕಾಲದ ಸ್ಕೂಟರೋ, ಹಳೇ ಜೀಪೋ, ಮಾಲು ಹೊತ್ತ ಟೆಂಪೋ ನಮ್ಮಲ್ಲಿ ಎಷ್ಟೋ ಅಂಗಡಿಗಳ ಹಿಂದೆ ನಿಂತಿದೆ. "ಎಂಜಿನ್ ಒಂದು ಬೇರೆ ಹಾಕ್ಸಿದ್ರೆ ಆಯ್ತು" ಎಂದು ಯೋಚಿಸದ ಮಾಲೀಕ ಯಾರು? ಆದ್ದರಿಂದ ಶೆಟ್ಟರ ಹನ್ನೊಂದು ತಿಂಗಳಲ್ಲಿ ಏನೇನು ನಡೆಯಿತು ಎಂಬುದನ್ನು ಅವರ ಒಪ್ಪಿಗೆ ಪಡೆದೇ ಇಲ್ಲಿ ಬರೆದಿದೆ. "ಹೆಸರು ಮಾತ್ರ ಹಾಕ್ಬೇಡಿ, ಗಿರಾಕಿಗಳು ಆಡ್ಕೋತಾರೆ" ಎಂದಿದ್ದಾರೆ. ಹಾಕಿಲ್ಲ.

ಘಟ್ಟದಲ್ಲಿ ಕೆಮ್ಮಿದ ಕಾರು

ಕಾರು 1972ರದು. ಮಾರ್ಕ್ 2 ಅಂಬಾಸಿಡರ್. ಕೋಲ್ಕತ್ತ ಬಳಿಯ ಉತ್ತರಪಾರಾದ ಹಿಂದುಸ್ತಾನ್ ಮೋಟಾರ್ಸ್ ಕಾರ್ಖಾನೆಯಲ್ಲಿ ತಯಾರಾದದ್ದು. ಶೆಟ್ಟರ ತಂದೆ ಅಂಗಡಿ ಬಾಗಿಲು ಹಾಕಿ ಬಂದ ಮೇಲೆ ದಿನಾ ಒಂದು ಗಳಿಗೆ ಅದನ್ನು ಒರೆಸುತ್ತಿದ್ದರಂತೆ. ಅವರು ಹೋದ ಮೇಲೆ ಓಡಾಟ ಕಡಿಮೆಯಾಯಿತು. ಎಂಬತ್ತು ದಾಟಿದ ತಾಯಿಯನ್ನು ವರ್ಷಕ್ಕೆರಡು ಸಲ ದೇವರಾಯನದುರ್ಗಕ್ಕೆ ಕರೆದೊಯ್ಯುವುದಕ್ಕೆ ಮಾತ್ರ ಅದು ಹೊರಗೆ ಬರುತ್ತಿತ್ತು.

2023ರ ಶ್ರಾವಣದಲ್ಲಿ ದುರ್ಗದ ಏರಿನಲ್ಲಿ ಕಾರು ಕೆಮ್ಮಿತು. ಹಿಂದೆ ನೀಲಿ ಹೊಗೆ, ಮುಂದೆ ಕುದಿಯುವ ನೀರು. ಎರಡು ಕಡೆ ನಿಲ್ಲಿಸಿ, ನೀರು ಹಾಕಿ, ಹೇಗೋ ಮೇಲೆ ಹತ್ತಿಸಿದರು. ಇಳಿದು ಬಂದ ಮೇಲೆ ಕಡ್ಡಿ ಎಳೆದು ನೋಡಿದರೆ ಆಯಿಲ್ ತಳ ಕಂಡಿತ್ತು.

"ಮಾರಿಬಿಡಿ" ಎಂದವರಿದ್ದರು. ತಾಯಿ ಒಪ್ಪಲಿಲ್ಲ. "ನಿಮ್ಮಪ್ಪ ಮುಟ್ಟಿದ ವಸ್ತು ಕಣೋ. ಗುಜರಿಗೆ ಹಾಕೋದಾದ್ರೆ ನಾನು ಹೋದ್ಮೇಲೆ ಹಾಕು" ಎಂದರಂತೆ. ಅಲ್ಲಿಗೆ ಮಾತು ಮುಗಿಯಿತು.

ಬಿ.ಎಚ್. ರಸ್ತೆಯ ಒಳಗಡೆ ಷೆಡ್ಡಿಟ್ಟಿರುವ ಮೇಸ್ತ್ರಿಯೊಬ್ಬರು ಕಾರು ಸ್ಟಾರ್ಟ್ ಮಾಡಿಸಿ, ಹೊಗೆ ನೋಡಿ, ಕಿವಿಗೊಟ್ಟು ಕೇಳಿ ತೀರ್ಪು ಕೊಟ್ಟರು: "ಇದು ಮುಗೀತು ಶೆಟ್ರೇ. ಇದಕ್ಕೆ ದುಡ್ಡು ಹಾಕೋ ಬದಲು ಈಸುಝು ಎಂಜಿನ್ ಹಾಕೋಣ. ಅದೂ ಅಂಬಾಸಿಡರಿಂದೇ. ಮನೆ ಮಗ ಇದ್ದಂಗೆ. ಎತ್ತಿ ಇಟ್ರೆ ಕೂತ್ಕೊಳ್ಳತ್ತೆ."

ಈ "ಎತ್ತಿ ಇಟ್ರೆ ಕೂತ್ಕೊಳ್ಳತ್ತೆ" ಎಂಬ ಮಾತೇ ಎಲ್ಲಕ್ಕೂ ಮೂಲ.

ಕಂಪನಿಯವರೇ ಹಾಕಿದ್ದರಲ್ಲ?

ಮೇಸ್ತ್ರಿ ಹೇಳಿದ್ದು ಪೂರ್ತಿ ಸುಳ್ಳಲ್ಲ. ಅಂಬಾಸಿಡರ್ ಎಂಬುದೇ ಒಂದು ಹೊರಮೈಯೊಳಗೆ ಹಲವು ಎಂಜಿನ್ ಕಂಡ ಕಾರು. ಇಂಗ್ಲೆಂಡಿನ ಮಾರಿಸ್ ಆಕ್ಸ್‌ಫರ್ಡ್ ಮೂರನೇ ಸರಣಿಯ ಕಾರಿನ ಅಚ್ಚಿನಿಂದ ಬಂದ ಇದಕ್ಕೆ ಮೊದಲಿಗೆ ಇದ್ದದ್ದು 1476 ಸಿ.ಸಿ.ಯ ಹಳೇ ಮಾದರಿ ಎಂಜಿನ್. 1959ರಲ್ಲಿ 1489 ಸಿ.ಸಿ.ಯ ಬಿ.ಎಂ.ಸಿ. ಎಂಜಿನ್ ಬಂತು. ಶೆಟ್ಟರ ಕಾರಿನಲ್ಲಿದ್ದದ್ದು ಇದೇ. ಮುಂದೆ ಡೀಸೆಲ್ ಬಂತು. 1990ರ ದಶಕದಲ್ಲಿ ಜಪಾನಿನ ಈಸುಝು ಕಂಪನಿಯ 1817 ಸಿ.ಸಿ.ಯ ಪೆಟ್ರೋಲ್ ಎಂಜಿನ್ ಬಂತು. 2014ರ ಮೇ ತಿಂಗಳಲ್ಲಿ ಕಾರ್ಖಾನೆ ಬಾಗಿಲು ಮುಚ್ಚುವವರೆಗೆ ಕಾರಿನ ಮುಖ ಹೆಚ್ಚುಕಡಿಮೆ ಹಾಗೇ ಇತ್ತು. ಹೊಟ್ಟೆ ಮಾತ್ರ ಬದಲಾಗುತ್ತಿತ್ತು.

ಹಾಗಾದರೆ ಮೇಸ್ತ್ರಿ ಹಾಕಿದರೆ ತಪ್ಪೇನು? ಉತ್ತರ ಇಲ್ಲಿದೆ. ಕಂಪನಿಯವರು ಈಸುಝು ಎಂಜಿನ್ನನ್ನು ಒಂಟಿಯಾಗಿ ತಂದು ಹಳೇ ಕಾರಿನೊಳಗೆ ಇಳಿಸಲಿಲ್ಲ. ಅದರ ಜೊತೆಗೆ ಐದು ಗೇರಿನ ಬೇರೆ ಗೇರ್ ಬಾಕ್ಸ್ ತಂದರು. ಗೇರ್ ಹಾಕುವ ಕಡ್ಡಿಯನ್ನು ಸ್ಟೀರಿಂಗ್ ಪಕ್ಕದಿಂದ ಕೆಳಗಿನ ತಳಕ್ಕೆ ತಂದರು. ಎಂಜಿನ್ ಕೂರುವ ಜಾಗ, ತಂಪು ಮಾಡುವ ವ್ಯವಸ್ಥೆ, ವೈರಿಂಗ್ ಎಲ್ಲವನ್ನೂ ಅದಕ್ಕೆ ತಕ್ಕಂತೆ ಹೊಂದಿಸಿದರು. ಅದಕ್ಕೆ ಅವರ ಹತ್ತಿರ ಕಾರ್ಖಾನೆ ಇತ್ತು, ಎಂಜಿನಿಯರುಗಳಿದ್ದರು, ಸರ್ಕಾರದ ಮಂಜೂರಾತಿ ಇತ್ತು. ನಮ್ಮ ಮೇಸ್ತ್ರಿಯ ಹತ್ತಿರ ಇದ್ದದ್ದು ಒಂದು ಚೈನ್ ಪುಲ್ಲಿ, ಇಬ್ಬರು ಹುಡುಗರು, ಮೂವತ್ತು ವರ್ಷದ ಅನುಭವ. ಅನುಭವ ಸಣ್ಣದಲ್ಲ. ಆದರೆ ಸೊಸೆ ಬಂದಳೆಂದರೆ ಅವಳ ಜೊತೆ ತವರುಮನೆಯೂ ಬರುತ್ತದೆ ಎಂಬುದನ್ನು ಮೇಸ್ತ್ರಿ ಲೆಕ್ಕಕ್ಕೆ ಹಿಡಿಯಲಿಲ್ಲ.

ಎಳೆ ಎಳೆದರೆ ಸೀರೆಯೇ ಬಂತು

ಗುಜರಿಗೆ ಹೋದ ಅಂಬಾಸಿಡರೊಂದರ ಈಸುಝು ಎಂಜಿನ್ನನ್ನು ಬೆಂಗಳೂರಿನಿಂದ ತಂದದ್ದಾಯಿತು. ಷೆಡ್ಡಿನ ತೊಲೆಗೆ ಚೈನ್ ಪುಲ್ಲಿ ಕಟ್ಟಿ ಹಳೇ ಎಂಜಿನ್ ಮೇಲೆತ್ತಿ, ಹೊಸದನ್ನು ಇಳಿಸಿ ನೋಡಿದರು.

ಮೊದಲನೇ ಗಂಟು: ಮೌಂಟಿಂಗ್. ಹಳೇ ಎಂಜಿನ್ ಕೂರುತ್ತಿದ್ದ ರಬ್ಬರ್ ಗದ್ದಿಗೆಗಳು ಒಂದು ಕಡೆ, ಹೊಸ ಎಂಜಿನ್ನಿನ ಕಾಲುಗಳು ಇನ್ನೊಂದು ಕಡೆ. ಅಂತರಸನಹಳ್ಳಿಯ ಲೇತಿನಲ್ಲಿ ಕಬ್ಬಿಣದ ಬ್ರ್ಯಾಕೆಟ್ ಮಾಡಿಸಿದರು. ಮೊದಲನೇ ಜೋಡಿಯಲ್ಲಿ ಎಂಜಿನ್ ಓರೆಯಾಗಿ ಕೂತಿತು. ಎರಡನೇ ಜೋಡಿ ಸರಿಹೋಯಿತು. ಇಲ್ಲಿಗೇ ಮೂರು ವಾರ.

ಎರಡನೇ ಗಂಟು: ಗೇರ್ ಬಾಕ್ಸ್. ಹಳೇ ಗೇರ್ ಬಾಕ್ಸು ಹೊಸ ಎಂಜಿನ್ನಿಗೆ ಕಚ್ಚುವುದಿಲ್ಲ. ಬೋಲ್ಟಿನ ತೂತುಗಳೇ ಬೇರೆ. ಸರಿ, ಈಸುಝು ಗೇರ್ ಬಾಕ್ಸೂ ಬೇಕು. ಅದನ್ನು ಹುಡುಕಲು ಬೆಂಗಳೂರಿನ ಶಿವಾಜಿನಗರ, ಜೆ.ಸಿ. ರಸ್ತೆ ಎಂದು ಎರಡು ತಿಂಗಳು ಓಡಾಟ. ಶೆಟ್ಟರು ಅಂಗಡಿಯನ್ನು ಹೆಂಡತಿಗೆ ಒಪ್ಪಿಸಿ ಬೆಳಗಿನ ಬಸ್ಸಿಗೆ ಹೋಗಿ ಸಂಜೆ ಬಸ್ಸಿಗೆ ಬರುತ್ತಿದ್ದರು.

ಮೂರನೇ ಗಂಟು: ಗೇರ್ ಬಾಕ್ಸಿನಿಂದ ಹಿಂದಿನ ಹೌಸಿಂಗಿಗೆ ಶಕ್ತಿ ಒಯ್ಯುವ ಪ್ರೊಪೆಲ್ಲರ್ ಶಾಫ್ಟ್. ಗೇರ್ ಬಾಕ್ಸ್ ಬದಲಾದರೆ ಅಳತೆ ಬದಲಾಗುತ್ತದೆ. ಶಾಫ್ಟನ್ನು ಕತ್ತರಿಸಿ ಬೆಸೆದು, ಆಮೇಲೆ ಬ್ಯಾಲೆನ್ಸ್ ಮಾಡಿಸಬೇಕು. ಕೂದಲೆಳೆಯಷ್ಟು ತೂಕ ಒಂದು ಕಡೆ ಹೆಚ್ಚಾದರೂ ವೇಗ ಏರಿದಾಗ ಕಾರೇ ನಡುಗುತ್ತದೆ.

ನಾಲ್ಕನೆಯದು ರೇಡಿಯೇಟರ್. ಸುಟ್ಟ ಪೆಟ್ರೋಲಿನ ಶಕ್ತಿಯಲ್ಲಿ ಹೆಚ್ಚುಕಡಿಮೆ ಮೂರನೇ ಒಂದು ಪಾಲು ಬಿಸಿಯಾಗಿ ರೇಡಿಯೇಟರ್ ನೀರಿಗೇ ಬರುತ್ತದೆ. ಎಂಜಿನ್ನಿನ ಶಕ್ತಿ ಹೆಚ್ಚಾದರೆ ಈ ಪಾಲೂ ಹೆಚ್ಚು. ಐವತ್ತು ವರ್ಷದ ಉಪ್ಪು ಕಟ್ಟಿದ ರೇಡಿಯೇಟರ್ ಹಳೇ ಎಂಜಿನ್ನಿನ ಬಿಸಿಯನ್ನೇ ತಾಳುತ್ತಿರಲಿಲ್ಲ. ಒಳಗಿನ ಜಾಲರಿ ಪೂರ್ತಿ ಹೊಸದು ಹಾಕಿಸಿದರು.

ಐದನೆಯದು ವೈರಿಂಗ್. ಹೊಸ ಎಂಜಿನ್ನಿಗೆ ಆಲ್ಟರ್ನೇಟರ್ ಇತ್ತು, ಹಳೆಯದಕ್ಕೆ ಡೈನಮೋ. ಕಾರಿನ ಹಳೇ ವೈರು ಮುಟ್ಟಿದರೆ ಬಟ್ಟೆ ಸಿಪ್ಪೆ ಉದುರುತ್ತಿತ್ತು. "ಇದ್ರಲ್ಲಿ ಕರೆಂಟು ಬಿಟ್ರೆ ದೀಪಾವಳಿನೇ" ಎಂದ ಎಲೆಕ್ಟ್ರಿಷಿಯನ್ ಬುಡದಿಂದ ತುದಿಯವರೆಗೆ ಬದಲಾಯಿಸಿದ.

ಹೀಗೆ ಒಂದು ಎಳೆ ಎಳೆದರೆ ಸೀರೆಯೇ ಬಿಚ್ಚಿಕೊಳ್ಳುತ್ತಾ ಹೋಯಿತು. ಇದರಲ್ಲಿ ಯಾರದೂ ಮೋಸವಿಲ್ಲ ಎಂಬುದನ್ನು ಓದುಗರು ಗಮನಿಸಬೇಕು. ಕಾರೆಂಬುದು ಅವಿಭಕ್ತ ಕುಟುಂಬ. ಅದರ ಒಂದೊಂದು ಭಾಗವನ್ನೂ ಇನ್ನೊಂದರ ಶಕ್ತಿ ನೋಡಿಯೇ ಲೆಕ್ಕ ಹಾಕಿ ಮಾಡಿರುತ್ತಾರೆ. ಯಜಮಾನ ಬದಲಾದರೆ ಮನೆಯ ಪದ್ಧತಿಯೆಲ್ಲ ಬದಲಾಗಬೇಕು.

ಓಡಿಸುವುದು ದೊಡ್ಡದಲ್ಲ, ನಿಲ್ಲಿಸುವುದು ದೊಡ್ಡದು

ಈ ನಡುವೆ ಷೆಡ್ಡಿಗೆ ಒಬ್ಬ ಹಿರಿಯರು ಬರತೊಡಗಿದರು. ಸಾರಿಗೆ ಸಂಸ್ಥೆಯ ಡಿಪೋದಲ್ಲಿ ಮೆಕ್ಯಾನಿಕ್ ಆಗಿದ್ದು ನಿವೃತ್ತರಾದವರು. ಸಂಜೆ ವಾಕಿಂಗ್ ಮುಗಿಸಿ ಟೀ ಕುಡಿಯುವ ಜಾಗ ಅದು. ಒಂದು ದಿನ ಕೇಳಿದರು: "ಮೇಸ್ತ್ರಿ, ಎಂಜಿನ್ ಸರಿ. ಬ್ರೇಕಿಂದೇನು?"

"ಬ್ರೇಕು ಹಿಡೀತದಲ್ಲ ಯಜಮಾನ್ರೇ."

"ಯಾವ ಸ್ಪೀಡಿಗೆ ಹಿಡೀತದೆ?"

ಇದು ಕೇಳಬೇಕಾದ ಪ್ರಶ್ನೆ. ಹಳೇ ಎಂಜಿನ್ನಿನ ಶಕ್ತಿ 50ರಿಂದ 55 ಕುದುರೆಯ ಆಸುಪಾಸು. ಈಸುಝು ಎಂಜಿನ್ನಿನದು 75ರ ಆಸುಪಾಸು. ಶಕ್ತಿ ಇದ್ದ ಮೇಲೆ ಕಾಲು ಸುಮ್ಮನಿರುವುದಿಲ್ಲ. 60 ಕಿ.ಮೀ. ವೇಗದಲ್ಲಿ ಹೋಗುತ್ತಿದ್ದ ಕಾರು 90ಕ್ಕೆ ಹೋಯಿತೆನ್ನಿ. ವೇಗ ಹೆಚ್ಚಿದ್ದು ಒಂದೂವರೆ ಪಟ್ಟು. ಆದರೆ ನಿಲ್ಲಿಸುವಾಗ ಬ್ರೇಕು ನುಂಗಬೇಕಾದ ಶಕ್ತಿ ಎರಡೂಕಾಲು ಪಟ್ಟು. ವೇಗದ ವರ್ಗದ ಲೆಕ್ಕದಲ್ಲಿ ಅದು ಏರುತ್ತದೆ. ಹೈಸ್ಕೂಲಿನಲ್ಲಿ ಕಲಿತದ್ದೇ, ಆದರೆ ಷೆಡ್ಡಿನಲ್ಲಿ ನೆನಪಿಗೆ ಬರುವುದಿಲ್ಲ.

ಆ ಶಕ್ತಿಯೆಲ್ಲ ಡ್ರಮ್ಮಿನೊಳಗೆ ಬಿಸಿಯಾಗುತ್ತದೆ. ನಾಲ್ಕೂ ಚಕ್ರಕ್ಕೆ ಡ್ರಮ್ ಬ್ರೇಕ್ ಇರುವ ಹಳೇ ಕಾರಿನಲ್ಲಿ ಇಳಿಜಾರಿನುದ್ದಕ್ಕೂ ತುಳಿಯುತ್ತಾ ಬಂದರೆ ಲೈನರು ಕಾದು ಹಿಡಿತ ಬಿಡುತ್ತದೆ. ಪೆಡಲು ತುಳಿದರೂ ಕಾರು ಕೇಳುವುದಿಲ್ಲ. ದೇವರಾಯನದುರ್ಗದಿಂದ ಇಳಿಯುವಾಗ ಹಿಂದಿನ ಸೀಟಿನಲ್ಲಿ ತಾಯಿ ಕೂತಿರುತ್ತಾರೆ ಎಂಬುದು ಶೆಟ್ಟರಿಗೆ ಆಗ ಹೊಳೆಯಿತು.

ಚಕ್ರ ಬಿಚ್ಚಿ ನೋಡಿದರೆ ಒಂದು ವೀಲ್ ಸಿಲಿಂಡರ್ ಸೋರುತ್ತಿತ್ತು. ಮಾಸ್ಟರ್ ಸಿಲಿಂಡರಿನ ರಬ್ಬರು ಕಲ್ಲಾಗಿತ್ತು. ಅಂದರೆ ಹಳೇ ಎಂಜಿನ್ನಿದ್ದಾಗಲೇ ಈ ಕಾರು ದೇವರ ದಯೆಯಿಂದ ನಿಲ್ಲುತ್ತಿತ್ತು! ಬ್ರೇಕಿನ ಅಷ್ಟೂ ಸಾಮಾನು, ಪೈಪು ಸಮೇತ, ಹೊಸದಾಯಿತು. ಟೈರು ಕೊಂಡದ್ದೂ ಆಗಲೇ.

ಕಾರಿನ ಕೆಳಗೆ ಮಲಗಿದ್ದ ಹುಡುಗ ಆಗ ಇನ್ನೊಂದು ಸುದ್ದಿ ತಂದ. ಸ್ಕ್ರೂಡ್ರೈವರ್ ಒತ್ತಿದರೆ ತಳದ ತಗಡಿನೊಳಗೆ ಇಳಿಯುತ್ತಿತ್ತು. ಲಾರಿ, ಜೀಪುಗಳಂತೆ ಅಂಬಾಸಿಡರಿಗೆ ಪ್ರತ್ಯೇಕ ಚಾಸಿ ಇಲ್ಲ. ಮೈಯೇ ಚಾಸಿ. ತಳ ತುಕ್ಕು ತಿಂದರೆ ಬೆನ್ನುಮೂಳೆಯೇ ತಿಂದಂತೆ. ಇಂಥ ಕಾರಿಗೆ ಹೆಚ್ಚಿನ ಶಕ್ತಿಯ ಎಂಜಿನ್ ಹಾಕುವುದೆಂದರೆ ಸೋರುವ ಕೊಡಕ್ಕೆ ಬೆಳ್ಳಿ ಮುಚ್ಚಳ ಮಾಡಿಸಿದಂತೆ. ಟಿಂಕರಿಂಗ್ ಕೆಲಸಕ್ಕೆ ಎರಡು ತಿಂಗಳು ಹಿಡಿಯಿತು.

ಚೀಟಿ ಹಣ, ನೆನೆದ ಅಕ್ಕಿ

ಇಷ್ಟಕ್ಕೆಲ್ಲ ದುಡ್ಡೆಲ್ಲಿಂದ ಬಂತು? ಅಂಗಡಿ ಹಿಂದಿನ ಗೋಡೌನಿಗೆ ಹೊಸ ಷೀಟು ಹೊದಿಸಬೇಕೆಂದು ಶೆಟ್ಟರು ಚೀಟಿ ಎತ್ತಿಟ್ಟಿದ್ದರು. ಮೇಸ್ತ್ರಿ ಮೊದಲು ಹೇಳಿದ ಮೊತ್ತ ಅದರ ಕಾಲು ಭಾಗಕ್ಕೂ ಕಡಿಮೆ. ಏಪ್ರಿಲ್ ಹೊತ್ತಿಗೆ ಚೀಟಿ ಹಣ ಪೂರ್ತಿ ಷೆಡ್ಡು ಸೇರಿತ್ತು.

2024ರ ಮಳೆಗಾಲಕ್ಕೆ ಗೋಡೌನ್ ಸೋರಿತು. ಒಂದೇ ರಾತ್ರಿಗೆ ಅಕ್ಕಿ ಮೂಟೆಗಳು ನೆನೆದವು. ಮಾರನೇ ಬೆಳಿಗ್ಗೆ ಶೆಟ್ಟರ ಮನೆಯಲ್ಲಿ ಆದ ಮಾತುಕತೆ ಇಲ್ಲಿ ಬರೆಯುವಂಥದ್ದಲ್ಲ. "ನಮ್ಮನೆಯವರು ಒಂದೇ ಮಾತು ಕೇಳಿದ್ರು ಸಾರ್. ಕಾರು ಓಡೋದು ಯಾವಾಗ ಅಂತಲ್ಲ. ಇದು ನಿಲ್ಲೋದು ಯಾವಾಗ ಅಂತ" ಎಂದು ಶೆಟ್ಟರು ಹೇಳುವಾಗ ನಗುತ್ತಿರಲಿಲ್ಲ.

ಅವರಿಗೆ ನಿಲ್ಲಿಸಲಾಗಲಿಲ್ಲ, ಯಾಕೆ? ಇಂಥ ಕೆಲಸದ ಗುಣವೇ ಅದು. ಅರ್ಧಕ್ಕೆ ನಿಂತ ಕಾರಿಗೆ ಬೆಲೆಯಿಲ್ಲ. ಬಿಚ್ಚಿಟ್ಟ ಕಾರನ್ನು ಮಾರಲು ಹೋದರೆ ಗುಜರಿಯವನು ತೂಕಕ್ಕೆ ಕೇಳುತ್ತಾನೆ. ಹಾಕಿದ್ದು ದಕ್ಕಬೇಕಾದರೆ ಇನ್ನಷ್ಟು ಹಾಕಬೇಕು. "ಇಷ್ಟು ಮಾಡ್ಸಿದೀವಿ, ಇದೊಂದು ಮಾಡಿಸ್ಬಿಡೋಣ" ಎಂಬ ಮಾತಿಗೆ ಮನೆ ಕಟ್ಟಿಸಿದವರು ಯಾರು ಬಿದ್ದಿಲ್ಲ ಹೇಳಿ?

ಆರ್.ಸಿ. ಪುಸ್ತಕ ಬಾಯಿ ಬಿಟ್ಟಾಗ

ಆಗಸ್ಟ್ ತಿಂಗಳು. ಇನ್ನು ಉಳಿದದ್ದು ಕಾರಿನ ನಡುವಿನ ತಗಡು ಕತ್ತರಿಸಿ ಹೊಸ ಗೇರ್ ಕಡ್ಡಿಗೆ ದಾರಿ ಮಾಡುವುದು, ಬ್ರ್ಯಾಕೆಟ್ಟುಗಳನ್ನು ಬೆಸೆಯುವುದು. ಮೇಸ್ತ್ರಿ ಸೀಮೆಸುಣ್ಣದಲ್ಲಿ ಗೆರೆ ಹಾಕಿ ಇಟ್ಟಿದ್ದರು. ಅವತ್ತು ಸಂಜೆ ನಿವೃತ್ತ ಮೆಕ್ಯಾನಿಕ್ ಎರಡನೇ ಪ್ರಶ್ನೆ ಕೇಳಿದರು: "ಆರ್.ಸಿ.ಯಲ್ಲಿರೋ ಎಂಜಿನ್ ನಂಬರ್ ಯಾವುದ್ರೀ ಶೆಟ್ರೇ?"

ಷೆಡ್ಡಿನಲ್ಲಿ ಯಾರೂ ಮಾತಾಡಲಿಲ್ಲ.

ಮಾರನೇ ದಿನ ಶೆಟ್ಟರು ಕೋರ್ಟಿನ ಹತ್ತಿರ ಪರಿಚಯದ ವಕೀಲರಲ್ಲಿಗೆ ಓಡಿದರು. ವಕೀಲರು ಹೇಳಿದ್ದನ್ನು ಓದುಗರ ಉಪಯೋಗಕ್ಕೆ ಇಲ್ಲಿ ಕೊಟ್ಟಿದೆ.

1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಪ್ರಕಾರ ತಯಾರಕರು ಮೂಲದಲ್ಲಿ ಕೊಟ್ಟ ವಿವರಕ್ಕೂ ಆರ್.ಸಿ.ಯ ವಿವರಕ್ಕೂ ತಾಳೆಯಾಗದ ಹಾಗೆ ವಾಹನವನ್ನು ಬದಲಾಯಿಸುವಂತಿಲ್ಲ. ಈ ಮಾತನ್ನು 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಗಟ್ಟಿಯಾಗಿ ಎತ್ತಿಹಿಡಿದಿದೆ. ಅದೇ ವರ್ಷದ ತಿದ್ದುಪಡಿಯಲ್ಲಿ ಬಂದ 182ಎ ಕಲಮಿನ ಪ್ರಕಾರ ಅನುಮತಿಯಿಲ್ಲದ ಬದಲಾವಣೆ ಮಾಡಿದ ಮಾಲೀಕನಿಗೆ ಆರು ತಿಂಗಳವರೆಗೆ ಸಜೆ, ಇಲ್ಲವೇ ಒಂದೊಂದು ಬದಲಾವಣೆಗೂ 5,000 ರೂಪಾಯಿ ದಂಡ, ಇಲ್ಲವೇ ಎರಡೂ ಆಗಬಹುದು.

ಹಾಗಂತ ಕಾನೂನು ಎಲ್ಲ ಬಾಗಿಲೂ ಹಾಕಿಲ್ಲ. ಅದೇ ತಯಾರಿಕೆಯ, ಅದೇ ಮಾದರಿಯ ಎಂಜಿನ್ನಾದರೆ ನೋಂದಣಿ ಅಧಿಕಾರಿಯ ಅನುಮತಿ ಪಡೆದು ಹಾಕಿಸಿ, ಆರ್.ಸಿ.ಯಲ್ಲಿ ಬರೆಸಿಕೊಳ್ಳಲು ದಾರಿಯಿದೆ. ಹತ್ತಕ್ಕೆ ಕಡಿಮೆಯಿಲ್ಲದಷ್ಟು ಸಾರಿಗೆ ವಾಹನ ಇರುವ ಮಾಲೀಕರಿಗೆ ಅದೇ ತಯಾರಿಕೆ, ಅದೇ ಮಾದರಿಯ ಎಂಜಿನ್ ಬದಲಿಸಿಕೊಳ್ಳಲು ರಾಜ್ಯ ಸರ್ಕಾರ ವಿನಾಯ್ತಿಯನ್ನೂ ಕೊಡಬಹುದು. ಆದರೆ 1489 ಸಿ.ಸಿ. ಎಂದು ಬರೆದ ಆರ್.ಸಿ. ಇಟ್ಟುಕೊಂಡು 1817 ಸಿ.ಸಿ.ಯ ಎಂಜಿನ್ ಹಾಕುವುದು ಬೇರೆ ಮಾತು. ಎರಡರ ಮೇಲೂ ಅಂಬಾಸಿಡರ್ ಎಂಬ ಹೆಸರಿದ್ದರೆ ಸಾಲದು.

ಖಾಸಗಿ ಕಾರಿನ ನೋಂದಣಿ 15 ವರ್ಷಕ್ಕೆ. ಆಮೇಲೆ ಐದೈದು ವರ್ಷಕ್ಕೆ ನವೀಕರಣ. ಆಗ ಎಂಜಿನ್ ನಂಬರು, ಚಾಸಿ ನಂಬರು ತಾಳೆ ನೋಡುತ್ತಾರೆ. ತಾಳೆಯಾಗದಿದ್ದರೆ ಕಾರು ಅಲ್ಲೇ ನಿಲ್ಲುತ್ತದೆ. ಅಪಘಾತವಾದರೆ ವಿಮೆಯವರು ತಕರಾರು ತೆಗೆಯಲು ಇಷ್ಟೇ ಸಾಕು.

ವಕೀಲರು ಕೊನೆಗೆ ಹೇಳಿದ ಮಾತು ಶೆಟ್ಟರಿಗೆ ಎಲ್ಲಕ್ಕಿಂತ ಹೆಚ್ಚು ಚುಚ್ಚಿತು. 2021ರ ಜುಲೈನಲ್ಲಿ ಕೇಂದ್ರ ಸರ್ಕಾರ ವಿಂಟೇಜ್ ವಾಹನಗಳಿಗೆ ಪ್ರತ್ಯೇಕ ನಿಯಮ ಮಾಡಿತು. ಐವತ್ತು ವರ್ಷ ದಾಟಿದ, ಮೂಲರೂಪದಲ್ಲೇ ಇರುವ ಕಾರನ್ನು 20,000 ರೂಪಾಯಿ ಕಟ್ಟಿ ಹತ್ತು ವರ್ಷಕ್ಕೆ ವಿಂಟೇಜ್ ಎಂದು ನೋಂದಾಯಿಸಬಹುದು. ಅಂಥ ಕಾರನ್ನು ದಿನಬಳಕೆಗೆ ಓಡಿಸುವಂತಿಲ್ಲ. ಪ್ರದರ್ಶನ, ರ‍್ಯಾಲಿ, ರಿಪೇರಿ ಇಂಥವಕ್ಕೆ ಮಾತ್ರ. ಎಂಜಿನ್ನೋ ಮೈಯೋ ಬದಲಾಗಿದ್ದರೆ ಈ ಮಾನ್ಯತೆ ಇಲ್ಲ. ಶೆಟ್ಟರ ಕಾರಿಗೆ ಐವತ್ತು ತುಂಬಿದ್ದು 2022ರಲ್ಲಿ. ಹಳೇ ಎಂಜಿನ್ ಎಂದು ಅವರು ಬಿಸಾಡಲು ಹೊರಟದ್ದೇ ಆ ಕಾರಿನ ಜಾತಕವಾಗಿತ್ತು!

ಗೋಣಿಚೀಲದ ಕೆಳಗಿನ ಎಂಜಿನ್

ಅದೃಷ್ಟಕ್ಕೆ ಹಳೇ ಎಂಜಿನ್ ಗುಜರಿಗೆ ಹೋಗಿರಲಿಲ್ಲ. ಷೆಡ್ಡಿನ ಮೂಲೆಯಲ್ಲಿ ಗೋಣಿಚೀಲ ಹೊದ್ದು ಮಲಗಿತ್ತು. ಅದನ್ನು ಒಂದು ಸಲ ಬಿಚ್ಚಿ ನೋಡಿ ಎಂದು ಹಿರಿಯರು ಹೇಳಿದರು. ಸೋಜಿಗವೆಂದರೆ, ಹತ್ತು ತಿಂಗಳಲ್ಲಿ ಯಾರೂ ಅದರ ಹೆಡ್ ಎತ್ತಿ ನೋಡಿರಲಿಲ್ಲ. "ಮುಗೀತು" ಎಂಬ ತೀರ್ಪು ಬಂದದ್ದು ಹೊಗೆ ನೋಡಿ ಮಾತ್ರ.

ನೀಲಿ ಹೊಗೆ ಎಂದರೆ ಆಯಿಲ್ ಸುಡುತ್ತಿದೆ ಎಂದರ್ಥ. ರಿಂಗ್ ಸವೆದಿರಬಹುದು, ವಾಲ್ವ್ ಗೈಡ್ ಸವೆದಿರಬಹುದು. ಎರಡೂ ರಿಪೇರಿಯಾಗುವ ಕಾಯಿಲೆಯೇ. ಬ್ಲಾಕ್ ಬಿರುಕು ಬಿಟ್ಟಿದ್ದರೆ ಮಾತ್ರ ಯೋಚನೆ. ಬಿಚ್ಚಿ ನೋಡಿದಾಗ ಬ್ಲಾಕ್ ಗಟ್ಟಿಯಾಗಿತ್ತು. ಬೋರ್ ಸವೆದಿತ್ತು, ಅಷ್ಟೇ.

ಈ ಎಂಜಿನ್ನಿನ ಬ್ಲಾಕು ದಪ್ಪ ಬೀಡು ಕಬ್ಬಿಣದ್ದು. ಬೋರ್ 73 ಮಿಲಿಮೀಟರು. ಸವೆದರೆ ಒಂದಿಷ್ಟು ಕೊರೆದು, ಅದಕ್ಕೆ ತಕ್ಕ ದೊಡ್ಡ ಪಿಸ್ಟನ್ ಹಾಕುವುದು ಹಳೇ ಪದ್ಧತಿ. ಇಪ್ಪತ್ತು ಥೌ ಎಂದರೆ ಅರ್ಧ ಮಿಲಿಮೀಟರು. ನಲವತ್ತು ಥೌ ಎಂದರೆ ಒಂದು ಮಿಲಿಮೀಟರು. ಶೆಟ್ಟರ ಎಂಜಿನ್ನಿಗೆ ಇಪ್ಪತ್ತರಲ್ಲೇ ಕೆಲಸ ಮುಗಿಯಿತು. ಕ್ರ್ಯಾಂಕ್ ಗ್ರೈಂಡ್ ಮಾಡಿಸಿ ಹೊಸ ಬೇರಿಂಗ್ ಹಾಕಿಸಿದರು.

ಇನ್ನೆರಡು ಕೆಲಸವನ್ನು ಹಿರಿಯರು ಒತ್ತಾಯ ಮಾಡಿ ಮಾಡಿಸಿದರು. ಒಂದು, ವಾಲ್ವ್ ಸೀಟು. ಹಿಂದೆ ಪೆಟ್ರೋಲಿನಲ್ಲಿ ಸೀಸ ಬೆರೆಸುತ್ತಿದ್ದರು. ಹಳೇ ಎಂಜಿನ್ನಿನ ಮೆತ್ತನೆ ವಾಲ್ವ್ ಸೀಟಿಗೆ ಅದೇ ರಕ್ಷಣೆ. 2000ನೇ ಇಸವಿಯಲ್ಲಿ ಸೀಸದ ಪೆಟ್ರೋಲ್ ದೇಶದಲ್ಲೆಲ್ಲ ನಿಂತಿತು. ಆದ್ದರಿಂದ ಗಟ್ಟಿ ಲೋಹದ ಸೀಟು ಕೂರಿಸಿದರು. ಎರಡು, ಪೆಟ್ರೋಲ್ ಪೈಪು. ಬಂಕಿನ ಪೆಟ್ರೋಲಿನಲ್ಲಿ ಎಥನಾಲ್ ಪಾಲು ಏರುತ್ತಾ 2025ರ ಹೊತ್ತಿಗೆ ಶೇಕಡಾ 20ಕ್ಕೆ ಬಂದಿದೆ. ಅದು ಹಳೇ ಕಾಲದ ರಬ್ಬರನ್ನು ಉಬ್ಬಿಸಿ ಮೆತ್ತಗೆ ಮಾಡುತ್ತದೆ. ಪೈಪು, ಪಂಪಿನ ರಬ್ಬರು, ಕಾರ್ಬೊರೇಟರಿನ ವಾಷರು ಎಲ್ಲ ಎಥನಾಲ್ ತಡೆಯುವ ಜಾತಿಯದು ಹಾಕಿಸಿದರು.

ಇಷ್ಟಕ್ಕೂ ಹಿಡಿದದ್ದು ಐದು ವಾರ. ಖರ್ಚು ಈಸುಝು ಎಂಜಿನ್, ಗೇರ್ ಬಾಕ್ಸುಗಳಿಗೆ ಕೊಟ್ಟದ್ದಕ್ಕಿಂತ ಕಡಿಮೆ. ಹಳೇ ಎಂಜಿನ್ ತನ್ನ ಹಳೇ ಗದ್ದಿಗೆಯ ಮೇಲೆ ಹೋಗಿ ಕೂತಿತು. ಎತ್ತಿ ಇಟ್ಟ ಕೂಡಲೇ!

ಯಾರದು ತಪ್ಪು?

ಮೇಸ್ತ್ರಿಯನ್ನು ಬೈಯುವುದು ಸುಲಭ. ಅವರನ್ನು ಈ ವರದಿಗಾರ ಕೇಳಿದಾಗ ಮುಚ್ಚುಮರೆಯಿಲ್ಲದೆ ಹೇಳಿದರು: "ಎಂಬತ್ತರ ದಶಕದಲ್ಲಿ ನಮ್ಮ ಗುರುಗಳು ಟ್ಯಾಕ್ಸಿ ಅಂಬಾಸಿಡರುಗಳಿಗೆ ಪೆಟ್ರೋಲ್ ತೆಗೆದು ಡೀಸೆಲ್ ಎಂಜಿನ್ ಕೂರಿಸೋರು. ನಾನು ಹುಡುಗ, ಪಾನ ಕೊಡ್ತಿದ್ದೆ. ಅದೇ ಧೈರ್ಯ. ಆದ್ರೆ ಗುರುಗಳು ಮೊದಲು ಬ್ರೇಕು, ಆಮೇಲೆ ಎಂಜಿನ್ ಅಂತಿದ್ರು. ಅದನ್ನ ಮರೆತೆ."

ಶೆಟ್ಟರೂ ಕಾರಿನ ಮೇಲೆ ಸಿಟ್ಟಾಗಿಲ್ಲ. "ಬ್ರೇಕು ಸೋರ್ತಿತ್ತು, ತಳ ತೂತಾಗಿತ್ತು, ವೈರು ಸತ್ತಿತ್ತು. ಎಂಜಿನ್ ನೆಪದಲ್ಲಿ ಅದೆಲ್ಲ ಕಣ್ಣಿಗೆ ಬಿತ್ತು. ಇಲ್ದಿದ್ರೆ ಘಟ್ಟದಲ್ಲಿ ಏನಾಗ್ತಿತ್ತೋ" ಎನ್ನುತ್ತಾರೆ. ಮಾತು ನಿಜ. ಆದರೆ ಅದೇ ಕೆಲಸವನ್ನು ಗೊತ್ತಿದ್ದು ಮಾಡಿಸಿದ್ದರೆ ಮೂರು ತಿಂಗಳಲ್ಲಿ ಮುಗಿಯುತ್ತಿತ್ತು, ಅಕ್ಕಿಯೂ ನೆನೆಯುತ್ತಿರಲಿಲ್ಲ.

ಹಳೇ ವಾಹನ ಇಟ್ಟುಕೊಂಡವರು ಇದರಿಂದ ತಿಳಿಯಬೇಕಾದ್ದು ಇಷ್ಟು. ಎಂಜಿನ್ ಬದಲಾಯಿಸುವ ಮುಂಚೆ ಇದ್ದ ಎಂಜಿನ್ನಿನ ಕಂಪ್ರೆಷನ್ ಅಳತೆ ಮಾಡಿಸಿ, ಹೆಡ್ ಬಿಚ್ಚಿ ನೋಡಿಸಿ. ಹೊಗೆ ನೋಡಿ ತೀರ್ಪು ಕೊಡಿಸಬೇಡಿ. ಮೇಸ್ತ್ರಿ ಎಂಜಿನ್ ಬೆಲೆ ಹೇಳಿದರೆ, ಗೇರ್ ಬಾಕ್ಸ್, ಶಾಫ್ಟು, ರೇಡಿಯೇಟರ್, ವೈರಿಂಗ್, ಬ್ರೇಕು ಐದರ ಬೆಲೆಯನ್ನೂ ಒಂದೇ ಚೀಟಿಯಲ್ಲಿ ಬರೆಸಿಕೊಳ್ಳಿ. ಬ್ರೇಕು, ತಳದ ತಗಡು ಮೊದಲು, ಎಂಜಿನ್ ಆಮೇಲೆ. ಗುಜರಿ ಎಂಜಿನ್ ಕೊಂಡರೆ ಅದರ ನಂಬರು, ಬಿಲ್ಲು, ಯಾವ ವಾಹನದ್ದೆಂಬ ದಾಖಲೆ ಬಿಡಬೇಡಿ. ಕದ್ದ ವಾಹನದ ಎಂಜಿನ್ನಾದರೆ ಪೊಲೀಸ್ ಠಾಣೆ ಮೆಟ್ಟಿಲು ಹತ್ತಬೇಕಾದವರು ನೀವೇ. ಇದಕ್ಕೆಲ್ಲ ಮುಂಚೆ ಆರ್.ಟಿ.ಒ. ಕಚೇರಿಗೆ ಹೋಗಿ, ಆಗುತ್ತದೋ ಇಲ್ಲವೋ ಎಂದು ಕೇಳಿ. ಒಂದು ಬೆಳಗಿನ ಕೆಲಸ. ಶೆಟ್ಟರಿಗೆ ಆ ಒಂದು ಬೆಳಗು ಸಿಕ್ಕಿದ್ದು ಹತ್ತನೇ ತಿಂಗಳಲ್ಲಿ.

ಈಗ ಮೇಸ್ತ್ರಿಯ ಷೆಡ್ಡಿನ ಗೋಡೆಗೆ ಒಂದು ರಟ್ಟು ನೇತುಹಾಕಿದ್ದಾರೆ: "ಎಂಜಿನ್ ಬದಲಾಯಿಸುವವರು ಮೊದಲು ಆರ್.ಸಿ. ತೋರಿಸಿ." ಅದರ ಕೆಳಗೆ, ಅದೇ ಗೋಣಿಚೀಲದಡಿ, ಈಸುಝು ಎಂಜಿನ್ನೂ ಗೇರ್ ಬಾಕ್ಸೂ ಕೂತಿವೆ. ಬಿಲ್ಲು, ದಾಖಲೆ ಎಲ್ಲ ಇದೆ. ಅದೇ ಮಾದರಿಯ ಅಂಬಾಸಿಡರ್ ಇದ್ದವರು ವಿಚಾರಿಸಬಹುದು. ಬಂದ ದುಡ್ಡಿನಲ್ಲಿ ಶೆಟ್ಟರು ಗೋಡೌನಿಗೆ ಷೀಟು ಹೊದಿಸಬೇಕಂತೆ.